ಯಾಕೆ ಎಂದು ಕೇಳಿದ ದುರಗವ್ವ

ಹೊಳೆದಂಡೆಯ ಮಠದಲ್ಲಿ ಹಿರಿಯ ಸ್ವಾಮಿಗಳು, ಎಲ್ಲರ ಅಜ್ಜಾರು, ಜ್ವರ ಬಂದು ಮಲಗಿದ್ದರು. ಆ ಸೋಮವಾರ ಜನರ ನ್ಯಾಯ ಬಗೆಹರಿಸಲು ಅವರ ಜಾಗದಲ್ಲಿ ಶಿಷ್ಯ ಚೆನ್ನವೀರ ಕೂತ.

ವ್ಯಾಜ್ಯ ಜನರನ್ನು ಹೊಳೆ ದಾಟಿಸುವ ಒಂದು ಹರಿಗೋಲಿನದು. ಗಂಡ ಸತ್ತ ಮೇಲೆ ಅದು ತನಗೆ ಸೇರಬೇಕು ಅಂತ ದುರಗವ್ವ. ಅಣ್ಣನದು ತಮ್ಮನಿಗೇ ಅಂತ ಅವಳ ಮೈದುನ ಹುಲುಗಪ್ಪ. ಹರಿಗೋಲು ಕೈತಪ್ಪಿದರೆ ದುರಗವ್ವ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಊರೇ ಬಿಡಬೇಕು.

ಇಬ್ಬರೂ ಹೇಳುವುದು ಮುಗಿಯಿತು. ಚೆನ್ನವೀರ ಎದ್ದು ಹೋಗಿ ಬಿಲ್ವಪತ್ರೆ ಕಿತ್ತು ತಂದು ಹುಲುಗಪ್ಪನ ಕೈಗಿಟ್ಟ. ಪತ್ರೆ ಸಿಕ್ಕವರು ಗೆದ್ದರು ಅನ್ನುವುದು ಆ ಮಠದ ಪದ್ಧತಿ.

"ಯಾಕ್ರೀ, ಮರಿಸ್ವಾಮಿ?" ದುರಗವ್ವ ಕೇಳಿದಳು.

"ತೀರ್ಪು ಆತಲ್ಲ. ಎದ್ದು ಹೋಗವ್ವ."

"ಹೋಗ್ತೀನಿ. ಯಾಕಂತ ಹೇಳ್ರಿ, ಹೋಗ್ತೀನಿ."

ಅವನು ಹೇಳಲಿಲ್ಲ, ಅವಳು ಹೋಗಲಿಲ್ಲ. ಮೂರು ದಿನ ಬಾಗಿಲಲ್ಲೇ ಕೂತಳು. ಬಂದ ಭಕ್ತರನ್ನೆಲ್ಲ ತಡೆದು, "ನಿಮಗರ ಹೇಳ್ಯಾರೇನ್ರಿ, ಯಾಕಂತ?" ಅಂತ ಕೇಳುವಳು.

ಚೆನ್ನವೀರನಿಗೆ ಪಿತ್ತ ನೆತ್ತಿಗೇರಿತು. ಏನು ಸೊಕ್ಕು ಈ ಹೆಂಗಸಿಗೆ! ಮಠದ ಮಾತಿಗೇ ಎದುರು ಮಾತೇ? ಧುಮುಗುಡುತ್ತ ಅಜ್ಜಾರ ಕೋಣೆಗೆ ನುಗ್ಗಿದ.

"ಅಜ್ಜಾರ, ಆಕೀನ ಎಬ್ಬಿಸಿ ಕಳಸಾಕ ಅಪ್ಪಣೆ ಕೊಡ್ರಿ. ಮಠದ ಮಾನ ಹರಾಜು ಹಾಕಾಕ ಹತ್ಯಾಳ."

"ಏನು ಕೇಳ್ತಾಳ?"

"ಯಾಕ ಅಂತ."

"ನೀ ಏನಂದಿ?"

"ಏನಿಲ್ಲ. ಹನ್ನೆರಡು ವರ್ಷ ನಿಮ್ಮನ್ನ ನೋಡೀನಿ. ನೀವೂ ಪತ್ರೆ ಕೊಡ್ತೀರಿ, ಒಂದು ಮಾತೂ ಆಡಂಗಿಲ್ಲ."

ಅಜ್ಜಾರು ಕಂಬಳಿ ಒದ್ದು ಎದ್ದು ಕೂತರು.

"ಪತ್ರೆ ತರಾಕ ಗಿಡದ ಹತ್ರ ಹೋಗ್ತಿದ್ದವ ಯಾರು?"

"ನಾನ."

"ನೀ ಹೋಗಿ ಬರೋತನಕ ನಾ ಇಲ್ಲಿ ನಿದ್ದಿ ಹೊಡೀತಿದ್ದೆ ಅಂದ್ಕೊಂಡೇನು? ಸೋತವರ ಮುಂದ ಕೂತು, ಅವರ ಮಾತನ್ನ ಅವರಿಗೇ ತಿರುಗಿ ಹೇಳ್ತಿದ್ದೆ. ಯಾವ ಮಾತು ಒಪ್ಪಿದೆ, ಯಾವುದು ಒಪ್ಪಲಿಲ್ಲ, ಯಾಕ ಒಪ್ಪಲಿಲ್ಲ ಅಂತ ಗಂಟಲು ಒಣಗೋತನಕ ಹೇಳ್ತಿದ್ದೆ! ಹನ್ನೆರಡು ವರ್ಷ ಬರೀ ಎಲಿ ನೋಡಿದೇನೋ, ಹುಚ್ಚಪ್ಪಾ? ಹೋಗು. ಆಕೀಗೆ ಹೇಳಿ ಬಾ."

ಚೆನ್ನವೀರನ ಮುಖ ಕೆಂಪಗಾಯಿತು. ಬಾಗಿಲಿಗೆ ಬಂದು ಒರಟಾಗಿಯೇ ಹೇಳಿದ.

"ಕೇಳವ್ವ. ಹೊಳಿ ತುಂಬಿ ಬಂದಾಗ ಹುಟ್ಟು ಹಾಕೋದು ಹೆಂಗಸರ ಕೈಲಿ ಆಗೋ ಕೆಲಸ ಅಲ್ಲ. ಅದಕ್ಕ."

ದುರಗವ್ವ ಸೆರಗು ಬಿಗಿದು ಎದ್ದು ನಿಂತಳು.

"ನನ್ನ ಗಂಡ ಎರಡು ವರ್ಷ ಹಾಸಿಗಿ ಹಿಡಿದಿದ್ದ. ಆ ಎರಡೂ ಮಳೆಗಾಲ ಹುಟ್ಟು ಹಾಕಿದಾಕಿ ನಾನು. ನಿಮ್ಮನ್ನೂ ದಾಟಿಸೀನಿ! ಸೋಮವಾರ ಬಾಯಿ ತೆರೆದ ಕೂಡಲೇ ಮೊದಲು ಹೇಳಿದ್ದೇ ಅದನ್ನ. ಎಲ್ಲಿತ್ರೀ ನಿಮ್ಮ ಕಿವಿ?"

ಚೆನ್ನವೀರ ಬೇರೆ ಕಾರಣಕ್ಕಾಗಿ ತಡಕಾಡಿದ. ಹುಲುಗಪ್ಪ ಕೈಮುಗಿದು ಮೆತ್ತಗೆ ಮಾತಾಡಿದ್ದ, ಇವಳು ದನಿ ಏರಿಸಿದ್ದಳು. ನೆನಪಿಗೆ ಬಂದದ್ದು ಅಷ್ಟೇ. ಅದನ್ನು ಇವಳ ಮುಖ ನೋಡಿ ಹೇಳುವುದು ಹೇಗೆ? ನಾಚಿಕೆಯಿಂದ ಹಿಡಿಯಷ್ಟಾಗಿಹೋದ. ಈಗ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಮತ್ತೆ ಅಜ್ಜಾರ ಹತ್ತಿರ ಓಡಿದ.

"ತಪ್ಪಾತ್ರಿ, ಅಜ್ಜಾರ. ನನ್ನ ಹತ್ರ ಕಾರಣಾನೇ ಇರಲಿಲ್ಲ. ಹರಿಗೋಲು ದುರಗವ್ವಂದು. ಈಗಲೇ ಹುಲುಗಪ್ಪನ ಮನಿಗೆ ಆಳು ಕಳಿಸಿ ಬಿಡಿಸಿಕೊಡ್ತೀನಿ."

ಅಜ್ಜಾರ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು.

"ಆಳು ಕಳಿಸ್ತಿಯಾ? ಇವತ್ತು ಸೋತವ ಹುಲುಗಪ್ಪ. ನಡಿ, ಅವನ ಎದುರಿಗೆ ಕೂತು ಯಾಕ ಅಂತ ನಿನ್ನ ಬಾಯಿಲೇ ಹೇಳು."