ಕಂಡಕ್ಟರ್ ಮರಿಗಂಗಯ್ಯನ ಬಾತುಕೋಳಿ

ಮರಿಗಂಗಯ್ಯ ಆಶ್ರಮಕ್ಕೆ ಸೇರಿದ ಮೇಲೆ ಎರಡು ಸಲ ಫೇಲಾದ.

ಪರೀಕ್ಷೆ ಅಂಥ ದೊಡ್ಡದೇನಲ್ಲ. ನದಿ ದಂಡೆಯ ಕಲ್ಲಿನ ಮೇಲೆ ಒಂದು ಗಳಿಗೆ, ಅಂದರೆ ಇಪ್ಪತ್ನಾಲ್ಕು ನಿಮಿಷ, ಸುಮ್ಮನೆ ಕೂರಬೇಕು. ಕೂತವನ ಕಿವಿಯಲ್ಲಿ ಗುರುಗಳು ಮಂತ್ರ ಹೇಳುತ್ತಾರೆ. ಮೂರು ಸಲವೂ ಆಗದವನು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಡಬೇಕು. ಅದು ಅಲ್ಲಿನ ಪದ್ಧತಿ.

ಮರಿಗಂಗಯ್ಯ ಮೂವತ್ತು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಅವನ ಮನಸ್ಸು ಒಂದು ಸ್ಟಾಪಿನಿಂದ ಮುಂದಿನ ಸ್ಟಾಪಿನವರೆಗೆ ನೆಟ್ಟಗೆ ಬರುತ್ತಿತ್ತು, ಅಲ್ಲಿ ಇಳಿದುಬಿಡುತ್ತಿತ್ತು.

ಮೊದಲ ಸಲ ಕೂತಾಗ ಐದನೇ ನಿಮಿಷಕ್ಕೆ ಕಣ್ಣು ಮುಚ್ಚಿಕೊಂಡೇ "ರೈಟ್, ರೈಟ್!" ಅಂದ. ಎರಡನೇ ಸಲ ಪಕ್ಕದಲ್ಲಿ ಧ್ಯಾನಕ್ಕೆ ಕೂತಿದ್ದ ಅನಂತಯ್ಯನ ತೊಡೆ ತಟ್ಟಿ, "ಸ್ವಲ್ಪ ಒಳಗೆ ಸರೀರಿ ಸ್ವಾಮಿ" ಅಂದ.

ಅನಂತಯ್ಯ ಹಳೇ ಶಿಷ್ಯ. ಅವನು ಕೂತನೆಂದರೆ ಕಾಗೆಗಳು ಕಂಬ ಅಂದುಕೊಂಡು ತಲೆ ಮೇಲೆ ಇಳಿಯಬೇಕು, ಹಾಗೆ. ಆ ತೊಡೆ ತಟ್ಟಿದ್ದನ್ನು ಅವನು ಇನ್ನೂ ಮರೆತಿರಲಿಲ್ಲ.

ಉಳಿದದ್ದು ಒಂದೇ ಸಲ. ಅದು ಬರುವ ಹುಣ್ಣಿಮೆಗೆ, ಇನ್ನು ಹದಿನೈದೇ ದಿನ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕಾಲೂರಲಾಗದೆ ಬಂದವನು ಮರಿಗಂಗಯ್ಯ. ವಾಪಸ್ ಹೋಗುವ ಯೋಚನೆ ಬಂದರೆ ಸಾಕು, ಊಟದ ತಟ್ಟೆ ಬಿಟ್ಟು ಏಳುತ್ತಿದ್ದ.

ಅಷ್ಟರಲ್ಲಿ ಆಶ್ರಮದಲ್ಲಿ ಒಂದು ಪವಾಡ ನಡೆಯಿತು.

ಮರಿಗಂಗಯ್ಯ ಜಪದ ಚೀಲದೊಳಗೆ ಕೈ ಇಟ್ಟು, ತಲೆ ಬಗ್ಗಿಸಿ, ಪೂರ್ತಿ ಒಂದು ಗಂಟೆ ಕೂತ. ಚೀಲದೊಳಗೆ ಹೆಬ್ಬೆರಳು ತಕತಕ ಕುಣಿಯುತ್ತಿತ್ತು.

"ನೋಡಿ ಗುರುಗಳೇ, ಏನು ಸ್ಪೀಡು ಜಪ," ಅಂದ ಅನಂತಯ್ಯ. ಮಾತಿನಲ್ಲಿ ಹೊಟ್ಟೆಕಿಚ್ಚಿನ ಹೊಗೆ.

ಗುರುಗಳು ಬಂದು ಮರಿಗಂಗಯ್ಯನ ಎದುರು ಕುಕ್ಕರುಗಾಲಲ್ಲಿ ಕೂತರು. ಅವನ ಹಣೆ ತುಂಬ ಬೆವರು. ದವಡೆ ಕಚ್ಚಿಕೊಂಡಿತ್ತು.

"ಯಾವ ದೇವರಯ್ಯಾ ಇದು, ಭಕ್ತನ ಹಲ್ಲು ಪುಡಿ ಮಾಡೋದು?"

ಚೀಲದೊಳಗಿಂದ ಢಮಾರ್ ಅಂತ ಉತ್ತರ ಬಂತು.

ಮರಿಗಂಗಯ್ಯ ಫೋನು ತೆಗೆದು ಗುರುಗಳ ಕೈಗಿಟ್ಟ. ಮೊಮ್ಮಗ ಹಾಕಿಕೊಟ್ಟ ಗೇಮು. ಪರದೆಯ ಮೇಲೆ ಜನ ಓಡುತ್ತಿದ್ದರು, ಗುಂಡು ಹಾರುತ್ತಿತ್ತು.

ಗುರುಗಳು ಬೈಯಲಿಲ್ಲ. ತಾವೂ ಆಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಢಮಾರ್.

"ಸತ್ತೆ ಕಣಯ್ಯಾ! ಮತ್ತೆ ಹುಟ್ಟಬಹುದಾ?"

"ಮೂರು ಜೀವ ಕೊಡ್ತಾರೆ ಗುರುಗಳೇ."

"ಮೂರೇನಾ? ಜಿಪುಣರು. ನಮ್ಮಲ್ಲಿ ಎಂಬತ್ನಾಲ್ಕು ಲಕ್ಷ."

ಮೂರನ್ನೂ ನಗುನಗುತ್ತಾ ಮುಗಿಸಿ ಫೋನು ವಾಪಸ್ ಕೊಟ್ಟರು.

"ಬೈದುಬಿಡಿ ಗುರುಗಳೇ," ಅಂದ ಮರಿಗಂಗಯ್ಯ.

"ಯಾಕೆ? ಒಂದು ಗಂಟೆ ಕೂತೆಯಲ್ಲ."

"ಕೂತೆ. ಎದ್ದ ಮೇಲೆ ಎದೆ ಡೀಸೆಲ್ ಇಂಜಿನ್ ಥರ ಬಡ್ಕೊಳ್ಳುತ್ತೆ. ಇದಿಲ್ಲದೆ ಕೂತರೆ ಐದೇ ನಿಮಿಷಕ್ಕೆ ಮನಸ್ಸು ಇಳಿದು ಹೋಗುತ್ತೆ. ನನ್ನಂಥ ಗಿಡ್ಡ ಗಮನದವನಿಗೆ ಎದೆ ಬಡಿಸದ ಆಟ ಯಾವುದಾದರೂ ಇದೆಯಾ?"

ಅನಂತಯ್ಯನಿಗೆ ಕೆಮ್ಮು ಹತ್ತಿತು. ಗುರುಗಳ ಹತ್ತಿರ ಮೋಕ್ಷ ಕೇಳಿದವರನ್ನು ಅವನು ಕಂಡಿದ್ದ, ಗೇಮು ಕೇಳಿದವರನ್ನು ಕಂಡಿರಲಿಲ್ಲ.

"ಇರಬೇಕು. ಹುಡುಕು," ಅಂದರು ಗುರುಗಳು. "ಸಿಕ್ಕಿದ್ದನ್ನ ಅರ್ಧದಲ್ಲೇ ಕೆಳಗಿಟ್ಟು ನೋಡು. ಯಾರು ಅಳ್ತಾರೆ ಅಂತ ಬಂದು ಹೇಳು. ನೀನೋ, ಆಟವೋ."

ಸಿಗ್ನಲ್ ಸಿಗುತ್ತಿದ್ದದ್ದು ದನದ ಕೊಟ್ಟಿಗೆಯ ಹಿಂದೆ ಮಾತ್ರ. ಮರಿಗಂಗಯ್ಯ ಅಲ್ಲೇ ಠಿಕಾಣಿ ಹೂಡಿದ.

ಮೊದಲು ಬೇಸಾಯದ ಆಟ ಸಿಕ್ಕಿತು. ಎಲೆಕೋಸು ಹಾಕಿದ. ಮಧ್ಯಾಹ್ನ ಊಟಕ್ಕೆ ಕೂತಾಗ ಫೋನು ಕಿರುಚಿತು. ಕೋಸು ಬಾಡುತ್ತಿದೆಯಂತೆ, ಬೇಗ ಬಾ ಅಂತೆ. ಎಂಜಲು ಕೈಯಲ್ಲೇ ಓಡಿದ.

"ಆಟ ಅತ್ತಿತು ಗುರುಗಳೇ."

"ಅಲ್ಲಿ ಕೋಸು ಬದುಕಿತು, ಇಲ್ಲಿ ನಿನ್ನ ಸಾರು ಆರಿತು. ಬೇರೆ ನೋಡು."

ಬಣ್ಣದ ಗೋಲಿ ಜೋಡಿಸುವ ಆಟಕ್ಕೆ ತಲೆ ಮೇಲೆ ಒಂದು ಗಡಿಯಾರ. ಕೆಳಗಿಟ್ಟರೂ ಕಣ್ಣು ಮುಚ್ಚಿದರೆ ಕೆಂಪು ಗೋಲಿ, ಹಸಿರು ಗೋಲಿ.

"ಈ ಸಲ ಅತ್ತದ್ದು ನಾನು."

ಪದಬಂಧ ಸಿಕ್ಕಿತು. ಗಡಿಯಾರವಿಲ್ಲ, ಕಿರುಚಾಟವಿಲ್ಲ. ಆದರೆ ಮುಗಿಯಲು ಅರ್ಧ ಗಂಟೆ. ಮರಿಗಂಗಯ್ಯ ಮೂರನೇ ಸಾಲಿನಲ್ಲೇ ಇಳಿದುಬಿಟ್ಟ.

"ಆಟ ಒಳ್ಳೆಯದೇ," ಅಂದರು ಗುರುಗಳು. "ನಿನ್ನ ರೂಟಿನದಲ್ಲ."

ಆರನೇ ದಿನ ಅವನು ಕೊಟ್ಟಿಗೆಯ ಕಡೆಯಿಂದ ಓಡೋಡಿ ಬಂದ. ಪಂಚೆಗೆಲ್ಲಾ ಸಗಣಿ.

"ಸಿಕ್ತು! ಒಂದು ಕೆರೆ, ಒಂದು ಬಾತುಕೋಳಿ. ಬೆರಳಿಟ್ಟ ಕಡೆ ಬರುತ್ತೆ."

"ಆಮೇಲೆ?"

"ಆಮೇಲೆ ಏನಿಲ್ಲ."

"ಗೆದ್ದರೆ?"

"ಗೆಲ್ಲೋಕಾಗಲ್ಲ ಗುರುಗಳೇ. ಸೋಲೋಕೂ ಬರಲ್ಲ. ಎರಡು ನಿಮಿಷ ಆಡಿ ಕೆಳಗಿಟ್ಟರೆ ತನ್ನ ಪಾಡಿಗೆ ತೇಲ್ತಾ ಇರುತ್ತೆ."

ಗುರುಗಳು ಬೆರಳಿಟ್ಟರು. ಬಾತುಕೋಳಿ ಬಂತು. ಬೆರಳು ತೆಗೆದರು. ಬಾತುಕೋಳಿ ಅಲ್ಲೇ ನಿಂತು ರೆಕ್ಕೆ ಕೆರೆದುಕೊಂಡಿತು.

"ಭೇಷ್. ಇದನ್ನ ಆಶ್ರಮಕ್ಕೆ ಸೇರಿಸ್ಕೋಬಹುದು."

ಅನಂತಯ್ಯನೂ ಕತ್ತು ಉದ್ದ ಮಾಡಿ ನೋಡಿದ. ನೋಡಲೇ ಇಲ್ಲ ಅಂತ ಆಮೇಲೆ ವಾದಿಸಿದ.

ಮೂರು ದಿನ ಮರಿಗಂಗಯ್ಯನ ಎದೆ ತಣ್ಣಗಿತ್ತು. ಊಟ ಸೇರಿತು, ನಿದ್ದೆ ಬಂತು.

ನಾಲ್ಕನೇ ದಿನ ಗುರುಗಳು ಕೊಟ್ಟಿಗೆಯ ಹಿಂದೆ ಬಂದು ನೋಡಿದರೆ, ಗೋಡೆ ತುಂಬ ಇದ್ದಿಲಿನ ಗೀಟುಗಳು.

"ಏನಯ್ಯಾ ಇದು?"

"ಬಾತುಕೋಳಿ ಕೆರೆ ಸುತ್ತಿದ ಲೆಕ್ಕ. ನಿನ್ನೆ ನಲವತ್ತು, ಇವತ್ತು ನಲವತ್ತಾರು. ಹುಣ್ಣಿಮೆಗೆ ನೂರು ಮುಟ್ಟಿಸಿದರೆ ಒಂದು ಗಳಿಗೆ ಕೂತ ಹಾಗಾಯ್ತು."

ಗುರುಗಳು ಅವನ ದವಡೆ ಮುಟ್ಟಿ ನೋಡಿದರು. ಕಲ್ಲಾಗಿತ್ತು.

"ಪಾಪದ ಬಾತುಕೋಳಿ. ಅದಕ್ಕೂ ಟ್ರಿಪ್ಪು ಹಾಕಿದೆಯಾ?"

ಮರಿಗಂಗಯ್ಯ ಕೈಯಲ್ಲಿದ್ದ ಇದ್ದಿಲನ್ನು ಕೆಳಗೆ ಹಾಕಿದ.

"ಗುಂಡಿನ ಆಟದಲ್ಲಿ ಮೂರು ಸಲ ಸತ್ತು ನಾನು ನಗ್ತಿದ್ದೆ. ನೀನು ಬಾತುಕೋಳಿ ತೇಲಿಸಿ ಹಲ್ಲು ಕಡೀತಿದ್ದೀಯ," ಅಂದು ಗುರುಗಳು ಹೊರಟುಹೋದರು.

ಅವನು ಬಟ್ಟೆ ಒದ್ದೆ ಮಾಡಿ ಗೋಡೆ ಒರೆಸಿದ. ಇದ್ದಿಲು ಅಷ್ಟು ಸುಲಭಕ್ಕೆ ಹೋಗಲಿಲ್ಲ. ಮಧ್ಯಾಹ್ನದವರೆಗೆ ಉಜ್ಜಿದ.

ಹುಣ್ಣಿಮೆಯ ಬೆಳಿಗ್ಗೆ ಬಂತು.

ಅನಂತಯ್ಯ ಕಲ್ಲಿನ ಪಕ್ಕ ನೀರಿನ ಹಂಡೆ ಇಟ್ಟು, ಅದರಲ್ಲಿ ಗಳಿಗೆ ಬಟ್ಟಲು ತೇಲಿಬಿಟ್ಟ. ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ತೂತಿನಿಂದ ನೀರು ಏರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ ಮುಗಿಯಿತು ಅಂತ.

"ಫೋನು ಇಟ್ಕೋಬಹುದಾ ಗುರುಗಳೇ?"

"ನಿನ್ನಿಷ್ಟ."

ಮರಿಗಂಗಯ್ಯ ಬಾತುಕೋಳಿಯನ್ನು ಆ ದಡಕ್ಕೆ ಕರೆದ, ಈ ದಡಕ್ಕೆ ಕರೆದ. ಎಷ್ಟು ಸಲ ಅಂತ ಎಣಿಸಲಿಲ್ಲ. ಸ್ವಲ್ಪ ಹೊತ್ತಿಗೆ ಫೋನನ್ನು ಬೋರಲು ಹಾಕಿ ಪಕ್ಕಕ್ಕಿಟ್ಟ.

ಎದುರು ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಕೈ ಮತ್ತೆ ಮೇಲೆ ಹೋಗುವ ಹೊತ್ತಿಗೆ ಹಿಂದಿನ ಏಟಿನ ಸದ್ದು ಈ ದಡಕ್ಕೆ ಬರುತ್ತಿತ್ತು. ಅದನ್ನೇ ಕೇಳಿದ. ದವಡೆ ತಾನಾಗಿ ಸಡಿಲವಾಗಿತ್ತು.

ಆಮೇಲೆ ಸ್ಟಾಪು ಬಂತು. ಮನಸ್ಸು ಎದ್ದು ನಿಂತಿತು. ಅವನು ಅದರ ರಟ್ಟೆ ಹಿಡಿದು ಎಳೆಯಲಿಲ್ಲ. ತಾನೂ ಎದ್ದ.

ಬಟ್ಟಲು ಇನ್ನೂ ತೇಲುತ್ತಿತ್ತು.

"ಗುರುಗಳೇ, ನನ್ನ ಕೈಲಿ ಇಷ್ಟೇ." ಮರಿಗಂಗಯ್ಯ ಕಾಲಿಗೆ ಬಿದ್ದ. "ಆದರೆ ಈ ಐದು ನಿಮಿಷ ಎಲ್ಲೂ ಹೋಗಿರಲಿಲ್ಲ. ಇಲ್ಲೇ ಇದ್ದೆ. ಗಂಟು ಕಟ್ಟಿಟ್ಟಿದ್ದೀನಿ, ಅಪ್ಪಣೆ ಕೊಡಿ."

ಗುರುಗಳು ಹಂಡೆಗೆ ಕೈ ಹಾಕಿ ಬಟ್ಟಲು ಎತ್ತಿಕೊಂಡರು. ತೂತಿಗೆ ಬೆರಳೊತ್ತಿ ಹಿಡಿದರು. ತಳದಲ್ಲಿ ಒಂದು ಬೊಗಸೆ ನೀರಿತ್ತು.

"ಕೈ ಹಿಡಿ."

ಮರಿಗಂಗಯ್ಯ ಬೊಗಸೆ ಒಡ್ಡಿದ. ಗುರುಗಳು ನೀರು ಬಗ್ಗಿಸಿದರು. ಅವನು ಕುಡಿದ. ಅವನ ತಲೆಯನ್ನು ಹತ್ತಿರಕ್ಕೆಳೆದು ಗುರುಗಳು ಕಿವಿಯಲ್ಲಿ ಮಂತ್ರ ಹೇಳಿದರು.

ಅನಂತಯ್ಯ ಕೂತ ಜಾಗದಿಂದಲೇ ಕೂಗಿದ. "ಇದ್ಯಾವ ನ್ಯಾಯ ಗುರುಗಳೇ? ಬಟ್ಟಲು ಕಾಲುಭಾಗವೂ ತುಂಬಿರಲಿಲ್ಲ! ನಾನು ದಿನಾ ಮುಳುಗೋವರೆಗೆ ಕೂರ್ತೀನಿ!"

ಗುರುಗಳು ಖಾಲಿ ಬಟ್ಟಲನ್ನು ಅವನ ಕೈಗಿಟ್ಟರು.

"ಕೂರ್ತೀಯ ಅನಂತಯ್ಯ. ಒಂದು ದಿನವಾದರೂ ಕುಡಿದಿದ್ದೀಯಾ?"