ಮಾತೆಯವರು ವ್ರತ ಮುರಿದ ದಿನ

ಟಿಬೆಟ್ಟಿನ ಎತ್ತರದ ಕಣಿವೆಯೊಂದರಲ್ಲಿ, ಹಿಮನದಿ ಕರಗಿ ಕಲ್ಲುಗುಪ್ಪೆಗಳು ಮೊದಲಾಗುವ ಕಡೆ, ಪೂಜ್ಯ ಮಾತೆ ಯೇಶೆ ಲ್ಹಾಮೋ ಅವರ ಗುಹೆಯಿತ್ತು. ಕೂರಲು ಯಾಕ್ ಪ್ರಾಣಿಯ ಚರ್ಮ, ಹಸಿವಿಗೆ ಹುರಿದ ಬಾರ್ಲಿಯ ಹಿಟ್ಟು. ಬಾಗಿಲಿಗೆ ಅಡ್ಡಲಾಗಿ ಕಲ್ಲುಗಳನ್ನು ಪೇರಿಸಿ, ಕೈ ತೂರುವಷ್ಟು ಕಿಂಡಿ ಮಾತ್ರ ಬಿಟ್ಟುಕೊಂಡಿದ್ದರು. ಹನ್ನೆರಡು ವರ್ಷ ಹೊರಗೆ ಕಾಲಿಡುವುದಿಲ್ಲವೆಂಬ ಅವರ ವ್ರತ ಮುಗಿಯಲು ಇನ್ನೊಂದೇ ಚಳಿಗಾಲ ಉಳಿದಿತ್ತು.

ಆ ಶಿಖರಗಳನ್ನೇರಲು ಬಿಳಿಯ ಸಾಹೇಬರು ಮೊದಮೊದಲು ಬರುತ್ತಿದ್ದ ಕಾಲವದು. ಒಂದು ಬೆಳಿಗ್ಗೆ ಅಂಥ ತಂಡವೊಂದರ ನಾಯಕ ಕ್ಯಾಪ್ಟನ್ ಪೆಲ್ಹ್ಯಾಮ್, ದುಭಾಷಿ ಗ್ಯಾಲ್ಪೋನನ್ನು ಕರೆದುಕೊಂಡು ಗುಹೆಯೆದುರು ನಿಂತ. ಹಿಂದೆ ಮುಖ ಬಾಡಿದ ಹೊರೆಯಾಳುಗಳು. ಕಲ್ಲಿನ ಮರೆಯಲ್ಲಿ ಕೂತವರಿಂದ ಲೋಕಕ್ಕೇನು ಉಪಯೋಗ ಎನ್ನುವವನು ಆತ. ಆದರೆ ಅಂದು ಬೇರೆ ದಾರಿಯಿರಲಿಲ್ಲ.

ಗ್ಯಾಲ್ಪೋ ಕೈಮುಗಿದು ಹೇಳಿದ: “ಅಮ್ಮಾ, ನಿನ್ನೆ ಸಂಜೆ ನಮ್ಮ ಹೊರೆಯಾಳು ತೆಂಬಾ ಹಿಮದ ಬಿರುಕಿಗೆ ಬಿದ್ದುಬಿಟ್ಟ. ಬೆಟ್ಟದ ದೇವತೆ ಮುನಿದಿದ್ದಾಳೆಂದು ಇವರು ಯಾರೂ ಮುಂದೆ ಹೆಜ್ಜೆಯಿಡುತ್ತಿಲ್ಲ. ತಾವೊಂದು ಮಾತು ಹೇಳಿದರೆ ಹತ್ತುತ್ತಾರೆ ಅಂತ ಸಾಹೇಬರು ಬೇಡಿಕೊಳ್ಳುತ್ತಿದ್ದಾರೆ.”

“ತೆಂಬಾನ ಹೆಣ ನೋಡಿದಿರಾ?” ಒಳಗಿನಿಂದ ಪ್ರಶ್ನೆ ಬಂತು.

“ಇಲ್ಲ. ಕೂಗಿದೆವು, ಉತ್ತರವಿರಲಿಲ್ಲ. ಅಷ್ಟು ಆಳಕ್ಕೆ ಬಿದ್ದವನು ಬದುಕಿರುವುದಿಲ್ಲ,” ಎಂದು ಗ್ಯಾಲ್ಪೋನ ಮೂಲಕ ಹೇಳಿದ ಕ್ಯಾಪ್ಟನ್.

“ಹಾಗಾದರೆ ಇಲ್ಲೇಕೆ ನಿಂತಿದ್ದೀರಿ? ನಡೆಯಿರಿ, ನೋಡೋಣ.”

ಮರುಕ್ಷಣವೇ ಗೋಡೆಯ ಕಲ್ಲುಗಳು ಒಳಗಿನಿಂದ ಉರುಳತೊಡಗಿದವು! ಆಳುಗಳು ಬೆಚ್ಚಿ ಹಿಂದೆ ಸರಿದರು. ಧೂಳಿನ ನಡುವಿನಿಂದ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬಡಕಲು ದೇಹದ ಮಾತೆಯವರು ಹೊರಬಂದರು. ಬಂದವರು ನಿಲ್ಲಲಿಲ್ಲ; ಹಿಮನದಿಯ ಕಡೆ ಬಿರಬಿರನೆ ನಡೆದರು. ನಿನ್ನೆಯಿಂದ ಕದಲದಿದ್ದ ಆಳುಗಳೆಲ್ಲ ಅವರ ಹಿಂದೆ ಓಡಿದರು. ಕ್ಯಾಪ್ಟನ್ ಏದುಸಿರು ಬಿಡುತ್ತ ಕೊನೆಯಲ್ಲಿ ಬಂದ.

ಬಿರುಕಿನ ಅಂಚಿನಲ್ಲಿ ಮಾತೆಯವರು ಬೋರಲು ಮಲಗಿ, ನೀಲಿ ಕತ್ತಲೆಯೊಳಕ್ಕೆ ಮುಖವಿಟ್ಟು ಕರೆದರು: “ತೆಂಬಾ! ಮಗೂ!”

ಗಾಳಿಯ ಸದ್ದು ಮಾತ್ರ. ಮತ್ತೆ ಕರೆದರು. ಮತ್ತೂ ಕರೆದರು. ಆಗ, ಎಲ್ಲೋ ಕೆಳಗಿನಿಂದ, ಒಂದು ನರಳಿಕೆ!

“ಇದ್ದಾನೆ! ಇದ್ದಾನೆ!” ಆಳುಗಳ ಕೂಗಿಗೆ ಕಣಿವೆಯೇ ದನಿಗೂಡಿಸಿತು.

“ಹಗ್ಗ ತನ್ನಿ!” ಎಂದು ಚೀರಿದವನು ಕ್ಯಾಪ್ಟನ್. ಯಾರಿಗೂ ಬಿಡದೆ ತಾನೇ ಸೊಂಟಕ್ಕೆ ಬಿಗಿದುಕೊಂಡು ಇಳಿದ. ಹಿಮದ ಚಾಚಿನ ಮೇಲೆ, ಕಾಲು ಮುರಿದು, ತುಟಿ ನೀಲಿಗಟ್ಟಿ ಬಿದ್ದಿದ್ದ ತೆಂಬಾನನ್ನು ಎದೆಗಪ್ಪಿ ಕಟ್ಟಿಕೊಂಡ. ಎಲ್ಲರೂ ಎಳೆದರು. ಹಗ್ಗಕ್ಕೆ ಕೈ ಹಾಕಿದವರಲ್ಲಿ ಮಾತೆಯವರೂ ಇದ್ದರು.

ಮೇಲೆ ಬಂದ ಕ್ಯಾಪ್ಟನ್ ಮಾತೆಯವರ ಗೀರಿದ ಅಂಗೈಗಳನ್ನು ನೋಡಿ ತಡವರಿಸಿದ: “ಅಮ್ಮಾ, ತಮ್ಮ ವ್ರತ...”

“ಮೊದಲಿನಿಂದ ಹಿಡಿದರಾಯಿತು,” ಎಂದು ನಕ್ಕರು ಮಾತೆಯವರು. “ಇವನ ಉಸಿರನ್ನು ಮೊದಲಿನಿಂದ ಹಿಡಿಯಲಾಗುತ್ತಿತ್ತೇ?”

ಮರುದಿನ ಶಿಖರ ಮೋಡವಿಲ್ಲದೆ ಹೊಳೆಯುತ್ತಿತ್ತು. ಆಳುಗಳು ಹತ್ತಲು ತಯಾರಾಗಿಯೇ ನಿಂತಿದ್ದರು. ಕ್ಯಾಪ್ಟನ್ ಮಾತ್ರ ತೆಂಬಾನ ಡೋಲಿಗೆ ಹೆಗಲು ಕೊಟ್ಟು ಊರಿನ ದಾರಿ ಹಿಡಿದ.

ಊರಿನಲ್ಲಿ ತೆಂಬಾನ ಹೆಂಡತಿ ಓಡಿಬಂದು ಕ್ಯಾಪ್ಟನ್ನನ ಕಾಲಿಗೆರಗಲು ಬಾಗಿದಳು. ಅವನು ತಡೆದು, “ಬೇಡ ತಾಯಿ, ಇವನು ಸತ್ತನೆಂದು ಬಿಟ್ಟು ಬಂದವನು ನಾನು,” ಎಂದ. ಆಮೇಲೆ ಟೋಪಿ ತೆಗೆದು, ಮಾತೆಯವರಿದ್ದ ಕಣಿವೆಯ ಕಡೆ ತಿರುಗಿ, ಆ ಧೂಳಿನಲ್ಲೇ ಮೊಣಕಾಲೂರಿದ.