ಚೌಡಮ್ಮನ ಕೈಯ ತುತ್ತು

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ ಒಂದು ರಾಜ್ಯ ಇತ್ತಂತೆ ಕಂದಾ. ರಾಜ ಸತ್ತಮೇಲೆ ಅವನ ಇಬ್ಬರು ಮಕ್ಕಳು ಪಟ್ಟಕ್ಕೆ ಬಡಿದಾಡಿದರಂತೆ, ಊರೂರೇ ಇಬ್ಭಾಗವಾಗಿ ಮೇಲಿನ ಕೇರಿಯವರು ದೊಡ್ಡವನ ಕಡೆ, ಕೆಳಗಿನ ಕೇರಿಯವರು ಚಿಕ್ಕವನ ಕಡೆ ಅಂತ ಕತ್ತಿ ಹಿಡಿದರಂತೆ. ಆಮೇಲೆ ಅಣ್ಣತಮ್ಮ ರಾಜಿಯಾಗಿ ಅರಮನೆಯಲ್ಲಿ ಒಟ್ಟಿಗೇ ಉಂಡರಂತೆ. ಊರ ಜನ ಮಾತ್ರ ಒಬ್ಬರ ಮುಖ ಒಬ್ಬರು ನೋಡದಂಗಾದರಂತೆ.

ಅಂಥದೊಂದು ಊರ ಮೇಲಿನ ಕೇರಿಯಲ್ಲಿ ಚೌಡಮ್ಮ ಅಂತ ಒಬ್ಬಳಿದ್ದಳು. ಇದ್ದೊಬ್ಬ ಮಗ ಜವರ, ಹೊಡೆದಾಟಕ್ಕೆ ಹೋದವನು ಬರಲೇ ಇಲ್ಲ. ಅವನನ್ನ ಕೊಂದೋನು ಕೆಳಗಿನ ಕೇರಿ ದ್ಯಾವ, ಜವರನ ಜೊತೇಲೇ ದನ ಕಾಯ್ದು ಬೆಳೆದೋನು. ಜಗಳ ಮುಗಿದಮೇಲೆ ದ್ಯಾವ ತಾನಾಗೇ ಹೋಗಿ ಹಿರೀಕರಿಗೆ ಅಡ್ಡಬಿದ್ದನಂತೆ. ಇವನನ್ನ ಕಡಿದರೆ ಇವನ ತಮ್ಮ ಇನ್ನೊಬ್ಬನನ್ನ ಕಡೀತಾನೆ, ಇದು ಮುಗಿಯೋದಲ್ಲ ಅಂತ ಹಿರೀಕರು ಮೂರು ಕಟ್ಟಳೆ ಹಾಕಿದರಂತೆ. ಮಾಡಿದ್ದನ್ನ ಸತ್ತೋನ ತಾಯಿ ಎದುರೇ ಹೇಳಬೇಕು, ಅವನ ಮೂಳೆ ತಂದು ಒಪ್ಪಿಸಬೇಕು, ಆಮೇಲೆ ಆ ತಾಯಿ ಕೈಯಿಂದ ಒಂದು ತುತ್ತು ಉಣ್ಣಬೇಕು. ಅಲ್ಲೀತನಕ ಅವನು ತನ್ನ ಮನೆ ಹೊಸಿಲೂ ದಾಟೋ ಹಾಗಿಲ್ಲ.

ದ್ಯಾವ ಚೌಡಮ್ಮನ ಅಂಗಳದಲ್ಲಿ ಕೂತು ಎಲ್ಲಾ ಹೇಳಿದನಂತೆ. ಸಾಯೋವಾಗ ನನ್ನ ಮಗ ನನ್ನ ಕರೆದನಾ ಅಂತ ಚೌಡಮ್ಮ ಕೇಳಿದಳು. ಕರೆದ ಕಣವ್ವಾ, ನಾನು ಕೈ ತಡೀಲಿಲ್ಲ ಅಂದ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಒಳಕ್ಕೆ ಹೋದಳಂತೆ.

ಆಮೇಲೆ ಅವನು ಗುಡ್ಡದಾಚೆ ಜವರನ್ನ ಹೂತಿದ್ದ ಜಾಗ ಅಗೆದು, ಮೂಳೆಗಳನ್ನ ಕಂಬಳೀಲಿ ಸುತ್ತಿ ತಲೆ ಮೇಲೆ ಹೊತ್ತು ತಂದನಂತೆ. ಅವಳು ಒಂದೊಂದನ್ನೂ ತೊಳೆದು, ಅರಿಶಿನ ಹಚ್ಚಿ ಮಣ್ಣು ಮಾಡಿಸಿದಳು.

ಆಮೇಲೆ ಮುದ್ದೆ ಮುರಿದಳಂತೆ, ಕೈ ಮಾತ್ರ ಮೇಲಕ್ಕೇ ಏಳಲಿಲ್ಲ. ಆಗ್ತಿಲ್ಲ ನನ್ನ ಕೈಲಿ ಅಂದಳಂತೆ. ಬಲವಂತ ಇಲ್ಲ ತಾಯಿ, ನಿನ್ನ ಕೈ ಎದ್ದ ದಿನವೇ ನ್ಯಾಯ ಮುಗಿಯೋದು ಅಂದರಂತೆ ಹಿರೀಕರು.

ದ್ಯಾವ ಚಾವಡಿ ಜಗಲೀಲೇ ಬಿದ್ದುಕೊಂಡ. ಅವನ ಹೆಂಡತಿ ಊಟ ತಂದು ಕೆಳಗಿಟ್ಟು ಹೋಗೋಳು. ಯಾರೂ ಹೇಳದೇ ಅವನು ಚೌಡಮ್ಮನ ಹೊಲ ಉಳೋನು, ಬೆಳೆ ತಂದು ಅಂಗಳದಲ್ಲಿಟ್ಟು ತಲೆ ಎತ್ತದೆ ಹೋಗೋನು. ಹಿಂಗೇ ವರ್ಷಗಳಾದವು, ಅವನ ಗಡ್ಡ ಬೆಳ್ಳಗಾಯಿತು, ಅವಳು ಒಂದು ಮಾತೂ ಆಡಲಿಲ್ಲವಂತೆ.

ಒಂದಿನ ಮಟಮಟ ಮಧ್ಯಾಹ್ನ ಹುಲ್ಲುಹೊರೆ ಇಳಿಸಿ ಹೊರಟಿದ್ದ. ದ್ಯಾವಾ, ಕೈ ತೊಳ್ಕೋ ಅಂದಳಂತೆ ಒಳಗಿಂದ. ತುತ್ತು ಬಾಯಿಗಿಟ್ಟಳು, ಅವನು ನುಂಗಿದ. ಮನ್ನಿಸಿದೆ ಅಂತಲೂ ಅನ್ನಲಿಲ್ಲ, ಮರೆತೆ ಅಂತಲೂ ಅನ್ನಲಿಲ್ಲ ಅವಳು. ನಾಳೆನೂ ಬಾ, ಒಬ್ಬಳಿಗೇ ಮುದ್ದೆ ಮಾಡಿ ಮಾಡಿ ಸಾಕಾಗಿದೆ ಅಂದಳಂತೆ.

ಅವತ್ತು ದ್ಯಾವ ಮನೆಗೆ ಹೋದ. ಅಲ್ಲಿಗೆ ಕತೆ ಮಲಗಿತು, ನೀನೂ ಮಲಗು ಕಂದಾ.